ಮೂಗಿನಿಂದ ಮತ್ತೆ ಮತ್ತೆ ರಕ್ತ ಬರುವ ಯುವಜನರಿಗೆ ಹಂತಹಂತದ ಮಾರ್ಗದರ್ಶಿ

ಫೆಬ್ರವರಿ ಕಳೆದು ಮಾರ್ಚ್ ಹಿಡಿಯುತ್ತಿದ್ದಂತೆ ಪುಣೆಯ ಗಾಳಿ ಒಣಗುತ್ತದೆ. ಆ ದಿನಗಳಲ್ಲಿ ನನ್ನ ದವಾಖಾನೆಗೆ ಬರುವ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರಲ್ಲಿ ಹಲವರು ಅಂಗಿಯ ಮೇಲೆ ಒಂದೆರಡು ಕೆಂಪು ಕಲೆಗಳನ್ನು ಹೊತ್ತೇ ಒಳಗೆ ಬರುತ್ತಾರೆ. ಇಲ್ಲಿನ ಮರಾಠಿಗರು ಇದನ್ನು ‘ಘೋಳಣಾ ಫುಟಲಾ’ ಎನ್ನುತ್ತಾರೆ; ನಮ್ಮವರು ಉಷ್ಣವಾಗಿದೆ ಎಂದು ಹೇಳಿ ಎಳನೀರು ಕುಡಿಸುತ್ತಾರೆ. ಎಳನೀರಿನಿಂದ ಹಾನಿಯೇನೂ ಇಲ್ಲ. ಆದರೆ ಒಂದೇ ತಿಂಗಳಲ್ಲಿ ಮೂರು ನಾಲ್ಕು ಬಾರಿ ರಕ್ತ ಸೋರುವ ಮೂಗಿಗೆ ಬೇಕಾದದ್ದು ಬೇರೆ. ರಕ್ತ ಬಂದಾಗ ಅದನ್ನು ಸರಿಯಾಗಿ ನಿಲ್ಲಿಸುವುದು ಅರ್ಧ ಕೆಲಸ. ರಕ್ತ ನಿಂತ ಮೇಲೆ ಆ ಜಾಗದ ಗಾಯ ಪೂರ್ತಿ ಮಾಯುವಂತೆ ಕೆಲವು ವಾರ ನೋಡಿಕೊಳ್ಳುವುದು ಉಳಿದರ್ಧ. ಈ ಎರಡನೆಯ ಅರ್ಧವನ್ನು ಬಹುತೇಕ ಯಾರೂ ಮಾಡುವುದಿಲ್ಲ, ಹಾಗಾಗಿಯೇ ತೊಂದರೆ ಮರುಕಳಿಸುತ್ತದೆ.

ಇಲ್ಲಿ ಬರೆದಿರುವುದು 18ರಿಂದ 30 ವರ್ಷದ ಒಳಗಿನವರಿಗೆ, ಮತ್ತು ಅವರಿಗೆ ಬುದ್ಧಿ ಹೇಳುವ ಸ್ಥಾನದಲ್ಲಿರುವ ಅಣ್ಣ, ಅಕ್ಕ, ರೂಮಿನ ಗೆಳೆಯರು, ಹೋಟೆಲಿನ ಹಿರಿಯರು ಇವರೆಲ್ಲರಿಗೆ.

ರಕ್ತ ಎಲ್ಲಿಂದ ಬರುತ್ತದೆ

ಎರಡು ಹೊಳ್ಳೆಗಳನ್ನು ಬೇರ್ಪಡಿಸುವ ನಡುಗೋಡೆಯ ಮುಂಭಾಗದಲ್ಲಿ, ಬೆರಳ ತುದಿ ಸುಲಭವಾಗಿ ಮುಟ್ಟುವಷ್ಟು ಹತ್ತಿರದಲ್ಲಿ, ಹಲವು ಸಣ್ಣ ರಕ್ತನಾಳಗಳು ಬಂದು ಕೂಡುವ ಒಂದು ಜಾಗವಿದೆ. ವೈದ್ಯಶಾಸ್ತ್ರದಲ್ಲಿ ಅದಕ್ಕೆ ಲಿಟ್ಲ್ಸ್ ಏರಿಯಾ ಎಂದು ಹೆಸರು. ಅಲ್ಲಿನ ನಾಳಗಳ ಬಲೆಯನ್ನು ಕೀಸೆಲ್‌ಬಾಕ್ ಜಾಲ ಎನ್ನುತ್ತಾರೆ. ಮೂಗಿನ ರಕ್ತಸ್ರಾವಗಳಲ್ಲಿ ಸುಮಾರು ಶೇ. 90ರಷ್ಟು ಇಲ್ಲಿಂದಲೇ ಆಗುತ್ತವೆ. ಅಲ್ಲಿನ ಲೋಳೆಪೊರೆ ಬಹಳ ತೆಳು. ನಾವು ಎಳೆದುಕೊಳ್ಳುವ ಒಣಗಾಳಿ ಮೊದಲು ತಾಗುವುದೂ ಅದಕ್ಕೇ.

ಕುಂದಾಪುರದ ಕಡೆಯ 22 ವರ್ಷದ ಹುಡುಗನೊಬ್ಬನನ್ನು ಅವನು ಕೆಲಸ ಮಾಡುವ ಹೋಟೆಲಿನ ಅಡುಗೆ ಭಟ್ಟರು ಒಂದು ಮಾರ್ಚ್ ಬೆಳಿಗ್ಗೆ ಕರೆತಂದರು. ದಿನವಿಡೀ ದೋಸೆ ಕಾವಲಿಯ ಮುಂದೆ ನಿಲ್ಲುವ ಹುಡುಗ. ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗಿನ ಮೇಲೆ ಒದ್ದೆ ಟವೆಲು ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದಿದ್ದ. “ಡಾಕ್ಟ್ರೇ, ಈ ತಿಂಗ್ಳಲ್ಲಿ ಇದು ನಾಲ್ಕನೇ ಸಲ. ತಲೆ ನರ ಏನಾದ್ರೂ ಒಡ್ದಿರ್ಬಹುದಾ?” ಎಂದು ಭಟ್ಟರು ಮೆಲುದನಿಯಲ್ಲಿ ಕೇಳಿದರು. ರಕ್ತ ನಿಂತ ಮೇಲೆ ಹೊಳ್ಳೆಯನ್ನು ಅಗಲಿಸಿ ಬೆಳಕು ಬಿಟ್ಟು ನೋಡಿದೆ. ಎಡಗಡೆಯ ನಡುಗೋಡೆಯ ಮೇಲೆ ಒಂದು ತೊಗರಿಬೇಳೆಯಷ್ಟು ಅಗಲದ ಕಂದು ಹಕ್ಕಳೆ ಇತ್ತು. ಅದರ ಅಂಚಿನಿಂದ ಕೆಂಪು ನೂಲಿನೆಳೆಯಂತಹ ಒಂದು ನಾಳ ಮೇಲಕ್ಕೆ ಹರಿದಿತ್ತು. ಬೇರೇನೂ ಇರಲಿಲ್ಲ. ಕರಾವಳಿಯ ತೇವದ ಗಾಳಿಯಲ್ಲಿ ಬೆಳೆದ ಮೂಗು ಘಟ್ಟದ ಮೇಲಿನ ಒಣ ಬೇಸಗೆಗೂ ಕಾವಲಿಯ ಶಾಖಕ್ಕೂ ಒಟ್ಟಿಗೆ ಸಿಕ್ಕಿತ್ತು. ಹಕ್ಕಳೆ ಕಟ್ಟಿದಾಗ ಮೂಗು ಕಟ್ಟಿದಂತಾಗುತ್ತದೆ, ಅವನು ಬೆರಳು ಹಾಕಿ ಕೀಳುತ್ತಾನೆ, ಅಡಿಯ ಹಸಿಗಾಯ ಮತ್ತೆ ತೆರೆದುಕೊಳ್ಳುತ್ತದೆ, ಮತ್ತೆ ಹಕ್ಕಳೆ ಕಟ್ಟುತ್ತದೆ. ಭಟ್ಟರಿಗೆ ಆ ಜಾಗವನ್ನು ತೋರಿಸಿ, ತಲೆಯ ನರಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಹೇಳಿದಾಗ ಅವರ ಮುಖ ಸಡಿಲವಾದದ್ದು ನನಗೆ ಇನ್ನೂ ನೆನಪಿದೆ. ಸಲಹೆ ಕೊಡುವವರು ಮೊದಲು ಮಾಡಬೇಕಾದದ್ದು ಈ ಭಯವನ್ನು ಇಳಿಸುವುದೇ, ಏಕೆಂದರೆ ಹೆದರಿದವನು ಹತ್ತು ನಿಮಿಷ ಒಂದೇ ಕಡೆ ಕೂರಲಾರ.

ಮೊದಲ ಹೆಜ್ಜೆ: ರಕ್ತ ಬರುತ್ತಿರುವಾಗ ಮಾಡಬೇಕಾದದ್ದು

ಕುರ್ಚಿಯಲ್ಲಿ ನೆಟ್ಟಗೆ ಕುಳಿತು ತಲೆಯನ್ನು ತುಸು ಮುಂದಕ್ಕೆ ಬಾಗಿಸಿ. ಮಲಗಬಾರದು, ತಲೆಯನ್ನು ಹಿಂದಕ್ಕೆ ಚೆಲ್ಲಲೂ ಬಾರದು. ಹಾಗೆ ಮಾಡಿದರೆ ರಕ್ತ ನಿಲ್ಲುವುದಿಲ್ಲ, ಕಣ್ಣಿಗೆ ಕಾಣದಂತೆ ಗಂಟಲಿಗೆ ಇಳಿಯುತ್ತದೆ ಅಷ್ಟೇ. ಹೊಟ್ಟೆ ಸೇರಿದ ರಕ್ತ ವಾಂತಿ ಬರಿಸುತ್ತದೆ, ವಾಂತಿಯ ರಭಸಕ್ಕೆ ಮೂಗು ಮತ್ತೆ ಸೋರುತ್ತದೆ. ಹೆಪ್ಪುಗಟ್ಟಿದ ದೊಡ್ಡ ಗಂಟುಗಳು ಮೂಗಿನಲ್ಲಿದ್ದರೆ ಒಮ್ಮೆ ಮೆಲ್ಲಗೆ ಮೂಗಿನಿಂದ ಗಾಳಿ ಊದಿ ಹೊರಹಾಕಿ.

ಬಳಿಕ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಮೂಗಿನ ಕೆಳಭಾಗದ ಮೆತ್ತನೆಯ ಜಾಗವನ್ನು, ಎರಡೂ ಹೊಳ್ಳೆಗಳು ಪೂರ್ತಿ ಮುಚ್ಚುವಂತೆ, ಬಿಗಿಯಾಗಿ ಒತ್ತಿ ಹಿಡಿಯಿರಿ. ನಾನು ಕಾಣುವ ತಪ್ಪುಗಳಲ್ಲಿ ಅತಿ ಸಾಮಾನ್ಯವಾದದ್ದು ಇಲ್ಲೇ: ಕನ್ನಡಕ ಕೂರುವ ಮೇಲಿನ ಗಟ್ಟಿ ಎಲುಬನ್ನು ಒತ್ತುತ್ತಾರೆ. ಎಲುಬನ್ನು ಎಷ್ಟು ಒತ್ತಿದರೂ ಅದರ ಕೆಳಗಿರುವ ನಾಳದ ಮೇಲೆ ಒತ್ತಡ ಬೀಳುವುದಿಲ್ಲ. ಒಂದೇ ಕಡೆ ರಕ್ತ ಬರುತ್ತಿದ್ದರೂ ಎರಡೂ ಕಡೆಯಿಂದ ಒತ್ತಬೇಕು, ಏಕೆಂದರೆ ನಡುಗೋಡೆ ಎರಡು ಬೆರಳುಗಳ ನಡುವೆ ಸಿಕ್ಕಿಕೊಂಡಾಗಲೇ ನಾಳ ಮುಚ್ಚುವುದು.

ಹಾಗೆ ಒತ್ತಿಕೊಂಡು ಗಡಿಯಾರ ನೋಡಿ ಹತ್ತರಿಂದ ಹದಿನೈದು ನಿಮಿಷ ಬಿಡದೆ ಕೂರಬೇಕು. ನಡುವೆ ನಿಂತಿತೇ ಎಂದು ಬೆರಳು ತೆಗೆದು ನೋಡಿದರೆ ಆಗಷ್ಟೇ ಕಟ್ಟುತ್ತಿದ್ದ ಎಳೆಯ ಹೆಪ್ಪು ಕಿತ್ತುಬರುತ್ತದೆ; ಎಣಿಕೆಯನ್ನು ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಕಾಯುವವನಿಗೆ ಮೂರು ನಿಮಿಷವೇ ಹತ್ತು ನಿಮಿಷದಂತೆ ತೋರುವುದರಿಂದ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಉಸಿರಾಟ ಬಾಯಿಂದ ನಡೆಯಲಿ. ಬಾಯಿಗೆ ಇಳಿದ ರಕ್ತವನ್ನು ನುಂಗದೆ ಒಂದು ಬೋಗುಣಿಗೆ ಉಗುಳಿ. ಮೂಗಿನ ಮೇಲೆ ಅಥವಾ ಕತ್ತಿನ ಹಿಂದೆ ಐಸ್ ಇಡುವುದರಿಂದ ಹಾಯೆನಿಸಬಹುದು, ಆದರೆ ಅದು ಒತ್ತುವುದಕ್ಕೆ ಬದಲಿಯಲ್ಲ. ಈರುಳ್ಳಿ ಮೂಸುವುದು, ತಲೆಗೆ ಕೊಡಗಟ್ಟಲೆ ನೀರು ಸುರಿಯುವುದು ಇವುಗಳಲ್ಲಿ ಅಮೂಲ್ಯವಾದ ಆ ಹತ್ತು ನಿಮಿಷಗಳು ಕಳೆದುಹೋಗುತ್ತವೆ. ಗರಿಕೆ ರಸವನ್ನು ಮೂಗಿಗೆ ಬಿಡುವ ರೂಢಿಯೂ ನಮ್ಮಲ್ಲಿದೆ. ಹಿರಿಯರ ಮೇಲಿನ ಗೌರವವನ್ನು ಇಟ್ಟುಕೊಂಡೇ ಹೇಳುತ್ತೇನೆ: ಮಣ್ಣಿನಿಂದ ಕಿತ್ತು ತಂದ ಹುಲ್ಲಿನ ಹಸಿ ರಸವನ್ನು ತೆರೆದ ಗಾಯದ ಮೇಲೆ ಬಿಡಬೇಡಿ.

ಹದಿನೈದು ನಿಮಿಷದ ನಂತರವೂ ಸೋರುತ್ತಿದ್ದರೆ ಇನ್ನೊಂದು ಸುತ್ತು ಹಾಗೆಯೇ ಒತ್ತಿ. ಆಕ್ಸಿಮೆಟಾಜೋಲಿನ್ ಅಥವಾ ಜೈಲೋಮೆಟಾಜೋಲಿನ್ ಇರುವ, ಮೂಗು ಕಟ್ಟಿದಾಗ ಬಳಸುವ ಹನಿಗಳು ಮನೆಯಲ್ಲಿದ್ದರೆ, ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇಲ್ಲದವರು ಹತ್ತಿಯ ಸಣ್ಣ ಸುರುಳಿಗೆ ಕೆಲವು ಹನಿ ಹಾಕಿ, ಸೋರುವ ಹೊಳ್ಳೆಯ ಮುಂಭಾಗದಲ್ಲಿ ತುದಿ ಹೊರಗೆ ಉಳಿಯುವಂತೆ ಇಟ್ಟು, ಮೇಲಿನಿಂದ ಒತ್ತಬಹುದು. ಅದು ನಾಳಗಳನ್ನು ಕುಗ್ಗಿಸುತ್ತದೆ. ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಬಳಸಬಾರದು. ಈ ಹನಿಗಳನ್ನು ಮೂರು ದಿನಕ್ಕಿಂತ ಹೆಚ್ಚು ಮುಂದುವರಿಸಿದರೆ ಔಷಧಿಯಿಂದಲೇ ಮೂಗು ಕಟ್ಟುವ ಹೊಸ ತೊಂದರೆ ಶುರುವಾಗುತ್ತದೆ.

ಆಸ್ಪತ್ರೆಗೆ ಹೊರಡಬೇಕಾದ ಹೊತ್ತು

ಸರಿಯಾಗಿ ಒತ್ತಿದರೂ ಅರ್ಧ ಗಂಟೆಯಲ್ಲಿ ನಿಲ್ಲದ ರಕ್ತ, ತಲೆ ಮುಂದಕ್ಕೆ ಬಾಗಿದ್ದರೂ ಗಂಟಲ ಹಿಂದಿನಿಂದ ಧಾರೆಯಾಗಿ ಇಳಿಯುವ ರಕ್ತ, ಕಣ್ಣು ಕತ್ತಲೆ ಬರುವುದು, ಮೈ ತಣ್ಣಗೆ ಬೆವರುವುದು, ಉಸಿರಾಟಕ್ಕೆ ಅಡ್ಡಿ, ಬೈಕಿನಿಂದ ಬಿದ್ದು ತಲೆಗೆ ಅಥವಾ ಮುಖಕ್ಕೆ ಪೆಟ್ಟಾದ ಮೇಲಿನ ರಕ್ತಸ್ರಾವ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಿಲ್ಲದ ಸೋರಿಕೆ: ಇವುಗಳಲ್ಲಿ ಯಾವುದೊಂದಿದ್ದರೂ ಬೆಳಗಾಗಲಿ ಎಂದು ಕಾಯಬಾರದು. ಮಹಾರಾಷ್ಟ್ರದಲ್ಲೂ ಗೋವಾದಲ್ಲೂ 108ಕ್ಕೆ ಕರೆ ಮಾಡಿದರೆ ಆಂಬ್ಯುಲೆನ್ಸ್ ಬರುತ್ತದೆ. ಪುಣೆಯ ಸಸೂನ್, ಮುಂಬೈಯ ಕೆಇಎಂ, ಸಯನ್ ಮತ್ತು ನಾಯರ್, ಗೋವಾದ ಬಾಂಬೋಳಿಯ ವೈದ್ಯಕೀಯ ಕಾಲೇಜು ಇವು ದೊಡ್ಡ ಸರ್ಕಾರಿ ಮತ್ತು ಪಾಲಿಕೆಯ ಆಸ್ಪತ್ರೆಗಳು. ಕೈಯಲ್ಲಿ ಹಣವಿಲ್ಲವೆಂದು ರೂಮಿನಲ್ಲೇ ಉಳಿಯುವ ಅಗತ್ಯವಿಲ್ಲ. ದಾರಿಯುದ್ದಕ್ಕೂ ಒತ್ತುವುದನ್ನು ಬಿಡಬೇಡಿ, ಗಾಡಿಯನ್ನು ನೀವೇ ಓಡಿಸಬೇಡಿ.

ಎರಡನೆಯ ಹೆಜ್ಜೆ: ನಿಂತ ಮೇಲಿನ ಮೊದಲ ಒಂದು ವಾರ

ಮೊದಲ ದಿನ ಕುದಿಯುವ ಚಹಾ, ಬಿಸಿನೀರಿನ ತಲೆಸ್ನಾನ, ಮದ್ಯ ಬೇಡ. ಒಂದು ವಾರ ಜೋರಾಗಿ ಗಾಳಿ ಊದಿ ಮೂಗನ್ನು ಖಾಲಿ ಮಾಡುವುದು, ಜಿಮ್ಮಿನಲ್ಲಿ ಭಾರ ಎತ್ತುವುದು, ಸಿಲಿಂಡರ್ ಹೊರುವುದು, ಮಲವಿಸರ್ಜನೆಗೆ ತಿಣುಕುವುದು ಇವೆಲ್ಲವನ್ನೂ ತಪ್ಪಿಸಿ. ಸೀನು ತಡೆಯಬೇಡಿ, ಬಾಯಿ ತೆರೆದು ಸೀನಿ. ರಾತ್ರಿ ಎರಡು ದಿಂಬು ಇಟ್ಟುಕೊಂಡು ಮಲಗಿ. ಹೋಟೆಲು, ಗೋದಾಮುಗಳಲ್ಲಿ ದುಡಿಯುವವರಿಗೆ ಇದನ್ನು ಹೇಳುವಾಗ ನಾನು ಮಾಲೀಕರಿಗೆ ತೋರಿಸಲು ಒಂದು ಚೀಟಿಯನ್ನೂ ಬರೆದುಕೊಡುತ್ತೇನೆ. ಚೀಟಿ ಇಲ್ಲದೆ ಈ ಸಲಹೆ ಅವರ ಪಾಲಿಗೆ ಬರೀ ಮಾತಾಗಿ ಉಳಿಯುತ್ತದೆ.

ಮೂರನೆಯ ಹೆಜ್ಜೆ: ಗಾಯ ಮಾಯಿಸುವುದು

ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಇಲ್ಲಿ ತಪ್ಪಿದ್ದೇನೆ. ರಕ್ತ ನಿಲ್ಲಿಸುವ ಮಾತ್ರೆ, ವಿಟಮಿನ್ ಸಿ ಬರೆದುಕೊಟ್ಟು, ಮೂಗಿನೊಳಗೆ ಸರಿಯಾಗಿ ನೋಡದೆ ಕಳಿಸಿಬಿಡುತ್ತಿದ್ದೆ. ಅದೇ ವಿದ್ಯಾರ್ಥಿಗಳು ಹತ್ತು ದಿನಕ್ಕೆ ಮತ್ತೆ ಬರುತ್ತಿದ್ದರು, ಪರೀಕ್ಷೆಯ ದಿನಗಳಲ್ಲಿ ಹೆದರಿ ಊರಿಗೆ ಮರಳಿದವರೂ ಉಂಟು. ಮಾತ್ರೆ ಹಕ್ಕಳೆಯ ಅಡಿಯ ಗಾಯವನ್ನು ಮಾಯಿಸುವುದಿಲ್ಲ. ಅದಕ್ಕೆ ಬೇಕಾದದ್ದು ತೇವ ಮತ್ತು ಬಿಡುವು.

ಮೆಡಿಕಲ್ ಅಂಗಡಿಯಲ್ಲಿ ಸಿಗುವ ಲವಣಜಲದ (ಸಲೈನ್) ಹನಿ ಅಥವಾ ಸ್ಪ್ರೇಯನ್ನು ದಿನಕ್ಕೆ ಮೂರು ನಾಲ್ಕು ಬಾರಿ ಎರಡೂ ಹೊಳ್ಳೆಗೆ ಬಿಡಿ. ಹಕ್ಕಳೆ ತಾನಾಗಿ ಮೆತ್ತಗಾಗುತ್ತದೆ. ಕೊಳಾಯಿಯ ಹಸಿ ನೀರನ್ನು ಮೂಗಿಗೆ ಏರಿಸಬೇಡಿ. ಬೆಳಿಗ್ಗೆ ಮತ್ತು ಮಲಗುವ ಮುನ್ನ ವ್ಯಾಸಲೀನಿನಂತಹ ಪೆಟ್ರೋಲಿಯಂ ಜೆಲ್ಲಿಯನ್ನು ಅರ್ಧ ಕಡಲೆಯಷ್ಟು ತೆಗೆದುಕೊಂಡು ಹೊಳ್ಳೆಯ ಬಾಗಿಲಿನ ಒಳಬದಿಗೆ ಮೃದುವಾಗಿ ಸವರಿ, ಹೊರಗಿನಿಂದ ಮೂಗಿನ ಪಕ್ಕವನ್ನು ಒತ್ತಿ ಸವರಿದರೆ ಅದು ನಡುಗೋಡೆಗೆ ಹರಡಿಕೊಳ್ಳುತ್ತದೆ. ಬೆರಳನ್ನು ಆಳಕ್ಕೆ ಹಾಕುವ ಅಗತ್ಯವೇ ಇಲ್ಲ. ಕಿವಿಗೆ ಹಾಕುವ ಹತ್ತಿ ಕಡ್ಡಿಯಿಂದ ಗೀಚುವುದಂತೂ ಬೇಡವೇ ಬೇಡ. ಹಕ್ಕಳೆಯ ಸುತ್ತ ಸೋಂಕಿದ್ದರೆ ವೈದ್ಯರು ಮ್ಯುಪಿರೋಸಿನ್‌ನಂತಹ ಮುಲಾಮನ್ನು ಕೆಲವು ದಿನಗಳ ಮಟ್ಟಿಗೆ ಕೊಡುತ್ತಾರೆ. ಹಸುವಿನ ತುಪ್ಪ ಬಿಡಬಹುದೇ ಎಂದು ನಮ್ಮ ತಾಯಂದಿರು ಕೇಳುತ್ತಾರೆ. ತುಪ್ಪ ಜಿಡ್ಡು ಕೊಡುವುದು ನಿಜ, ಆದರೆ ಮಲಗಿಸಿ ಹನಿಹನಿಯಾಗಿ ಬಿಟ್ಟ ಯಾವ ಎಣ್ಣೆ ಪದಾರ್ಥವೂ ದಿನಗಟ್ಟಲೆ ಶ್ವಾಸಕೋಶಕ್ಕೆ ಇಳಿಯುವುದು ಒಳ್ಳೆಯದಲ್ಲ. ಬಾಗಿಲಿಗೆ ಸವರುವುದರಲ್ಲೇ ನಿಲ್ಲಿಸಿ.

ಲವಣಜಲ ಮತ್ತು ಜೆಲ್ಲಿ ಎರಡನ್ನೂ ರಕ್ತ ನಿಂತ ದಿನದಿಂದ ಕನಿಷ್ಠ ನಾಲ್ಕು ವಾರ, ಬೇಸಗೆಯಾದರೆ ಮಳೆ ಬೀಳುವವರೆಗೆ, ಮುಂದುವರಿಸಬೇಕು. ಐದನೆಯ ದಿನಕ್ಕೆ ಎಲ್ಲ ಸರಿಯಾಯಿತೆನಿಸಿ ಡಬ್ಬಿ ಮೂಲೆ ಸೇರುತ್ತದೆ, ಎರಡನೆಯ ವಾರ ಟವೆಲು ಮತ್ತೆ ಕೆಂಪಾಗುತ್ತದೆ.

ಮುಂಬೈಯ ಗಾಳಿಯಲ್ಲಿ ತೇವ ಸಾಕಷ್ಟಿರುತ್ತದಲ್ಲ, ಅಲ್ಲಿಯವರಿಗೇಕೆ ಈ ತೊಂದರೆ ಎಂದು ಕೇಳಬಹುದು. ಎಂಟು ಗಂಟೆ ಎಸಿ ಕಚೇರಿಯಲ್ಲಿ ಕುಳಿತವರು ಹೊರಗಿನ ಸಮುದ್ರದ ಗಾಳಿಯನ್ನಲ್ಲ, ತೇವ ಹಿಂಡಿ ತೆಗೆದ ಗಾಳಿಯನ್ನು ಉಸಿರಾಡುತ್ತಾರೆ. ಅಂಥವರು ಎಸಿಯ ಗಾಳಿ ಮುಖಕ್ಕೆ ನೇರವಾಗಿ ಹೊಡೆಯದ ಕಡೆ ಕೂರಬೇಕು, ರಾತ್ರಿ ಕೋಣೆಯಲ್ಲಿ ಒದ್ದೆ ಬಟ್ಟೆಯೊಂದನ್ನು ಹರವಬೇಕು, ಉಗುರುಗಳನ್ನು ಗಿಡ್ಡವಾಗಿ ಇಟ್ಟುಕೊಳ್ಳಬೇಕು.

ಅಲರ್ಜಿಗೆ ಸ್ಟೆರಾಯ್ಡ್ ಸ್ಪ್ರೇ ಬಳಸುವವರು ತಮ್ಮ ಕೈಯನ್ನು ಒಮ್ಮೆ ಗಮನಿಸಲಿ. ಬಲಗೈಯಿಂದ ಬಲ ಹೊಳ್ಳೆಗೆ ಹೊಡೆದರೆ ಮೊನೆ ನಡುಗೋಡೆಯತ್ತ ತಿರುಗುತ್ತದೆ, ದಿನವೂ ಅದೇ ಜಾಗಕ್ಕೆ ಔಷಧಿ ಬಡಿದು ಪೊರೆ ತೆಳುವಾಗುತ್ತದೆ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ ಬಳಸಿ, ಮೊನೆಯನ್ನು ಅದೇ ಬದಿಯ ಕಣ್ಣಿನ ಹೊರಮೂಲೆಯತ್ತ ತಿರುಗಿಸಿ. ಇಷ್ಟರಿಂದಲೇ ರಕ್ತ ನಿಂತವರನ್ನು ನಾನು ಕಂಡಿದ್ದೇನೆ.

ನಾಲ್ಕನೆಯ ಹೆಜ್ಜೆ: ಕೇಳಬೇಕಾದ ಪ್ರಶ್ನೆಗಳು

ಬಹುಪಾಲು ಯುವಜನರಿಗೆ ಮೇಲಿನ ಮೂರು ಹೆಜ್ಜೆಗಳೇ ಸಾಕು. ಆದರೆ ಕೆಲವರಲ್ಲಿ ಮೂಗು ಬೇರೊಂದು ಕಾಯಿಲೆಯ ಸುಳಿವು ಕೊಡುತ್ತಿರುತ್ತದೆ, ಅದನ್ನು ಪ್ರಶ್ನೆ ಕೇಳಿಯೇ ಪತ್ತೆ ಹಚ್ಚಬೇಕು.

ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂಬುದು ಮೊದಲ ಪ್ರಶ್ನೆ. ಬೆನ್ನುನೋವಿಗೆ, ಮುಟ್ಟಿನ ನೋವಿಗೆ ಅಂಗಡಿಯಿಂದ ತಂದು ನುಂಗುವ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಇವು ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳಾದ ಪ್ಲೇಟ್ಲೆಟ್‌ಗಳ ಕೆಲಸವನ್ನು ಮಂದಗೊಳಿಸುತ್ತವೆ. ಅವನ್ನು ಮಾತ್ರೆ ಎಂದು ಲೆಕ್ಕಕ್ಕೇ ಹಿಡಿಯದವರು ಬಹಳ, ಹಾಗಾಗಿ ಹೆಸರು ಹೇಳಿ ಕೇಳಬೇಕು. ವೈದ್ಯರೇ ಬರೆದುಕೊಟ್ಟ ರಕ್ತ ತೆಳುವಾಗಿಸುವ ಮಾತ್ರೆಯನ್ನು ಮಾತ್ರ ತಾವಾಗಿಯೇ ನಿಲ್ಲಿಸಬಾರದು. ನಶ್ಯ ಏರಿಸುತ್ತೀರಾ, ಮೂಗಿನಿಂದ ಎಳೆಯುವ ಮಾದಕ ಪುಡಿಯನ್ನು ಎಂದಾದರೂ ಬಳಸಿದ್ದೀರಾ ಎಂಬುದನ್ನು ಜೊತೆಗೆ ಬಂದವರನ್ನು ಹೊರಗೆ ಕಳಿಸಿಯೇ ಕೇಳಬೇಕು. ಕೊಕೇನ್ ನಡುಗೋಡೆಯನ್ನು ತೂತು ಮಾಡುವಷ್ಟು ಹಾಳುಗೆಡವುತ್ತದೆ. ಕೇಳುವ ದನಿಯಲ್ಲಿ ವಿಚಾರಣೆಯ ಧಾಟಿ ಇದ್ದರೆ ನಿಜ ಹೊರಗೆ ಬರುವುದಿಲ್ಲ.

ಹಲ್ಲು ಕೀಳಿಸಿದಾಗ ರಕ್ತ ಬಹಳ ಹೊತ್ತು ನಿಲ್ಲಲಿಲ್ಲವೇ, ಪೆಟ್ಟಿಲ್ಲದೆ ಮೈಮೇಲೆ ನೀಲಿಗಟ್ಟುತ್ತದೆಯೇ, ಹುಡುಗಿಯರಲ್ಲಿ ಮುಟ್ಟಿನ ಸ್ರಾವ ಅತಿಯಾಗಿದೆಯೇ ಎಂದು ಕೇಳಿ. ಉತ್ತರ ಹೌದು ಎಂದಾದರೆ ಫಾನ್ ವಿಲ್ಲೆಬ್ರಾಂಡ್ ಕಾಯಿಲೆಯ ಪರೀಕ್ಷೆ ಮಾಡಿಸಬೇಕು. ವಂಶದಲ್ಲಿ ಹರಿದು ಬರುವ ರಕ್ತಸ್ರಾವದ ಕಾಯಿಲೆಗಳಲ್ಲಿ ಇದೇ ಅತಿ ಸಾಮಾನ್ಯವಾದದ್ದು, ಆದರೂ ಎಷ್ಟೋ ಹೆಣ್ಣುಮಕ್ಕಳು ‘ನಮ್ಮ ಮನೆಯಲ್ಲಿ ಎಲ್ಲರಿಗೂ ಹೀಗೇ’ ಎಂದುಕೊಂಡು ವರ್ಷಗಟ್ಟಲೆ ಸುಮ್ಮನಿರುತ್ತಾರೆ. ಇನ್ನೊಂದು ಪ್ರಶ್ನೆ ನಮ್ಮವರಿಗೆ ವಿಶೇಷವಾಗಿ ಸೇರಿದ್ದು: ತಂದೆ ತಾಯಿ ಸೋದರಸಂಬಂಧದಲ್ಲಿ ಮದುವೆಯಾದವರೇ? ಅಂಥ ಮನೆತನಗಳಲ್ಲಿ ಗ್ಲಾನ್ಸ್‌ಮನ್ ಎಂಬ ಪ್ಲೇಟ್ಲೆಟ್ ದೋಷ ಹೆಚ್ಚಾಗಿ ಕಾಣುತ್ತದೆ. ಅದರಲ್ಲಿ ಪ್ಲೇಟ್ಲೆಟ್‌ಗಳ ಸಂಖ್ಯೆ ಸರಿಯಾಗಿಯೇ ಇರುತ್ತದೆ, ಒಂದಕ್ಕೊಂದು ಅಂಟಿಕೊಳ್ಳುವ ಶಕ್ತಿ ಇರುವುದಿಲ್ಲ. ವರದಿಯಲ್ಲಿ ಎರಡೂವರೆ ಲಕ್ಷ ಎಂದು ಕಂಡಮಾತ್ರಕ್ಕೆ, ಬಾಲ್ಯದಿಂದಲೂ ರಕ್ತ ಸೋರುತ್ತಿರುವ ಮಗುವನ್ನು ‘ಏನೂ ಇಲ್ಲ’ ಎಂದು ಮನೆಗೆ ಕಳಿಸುವುದು ತಪ್ಪು.

ತುಟಿ, ನಾಲಿಗೆ, ಬೆರಳ ತುದಿಗಳಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆಗಳಿದ್ದು, ತಂದೆಗೋ ತಾಯಿಗೋ ಅಣ್ಣನಿಗೋ ಹೀಗೆಯೇ ಮೂಗು ಸೋರುತ್ತಿದ್ದರೆ ಅದು ನಾಳಗಳ ಒಂದು ಆನುವಂಶಿಕ ಕಾಯಿಲೆಯಿರಬಹುದು. ಅದು ಶ್ವಾಸಕೋಶ, ಮಿದುಳು ಮತ್ತು ಯಕೃತ್ತಿನ ನಾಳಗಳನ್ನೂ ಹಿಡಿಯುವುದರಿಂದ ದೊಡ್ಡ ಆಸ್ಪತ್ರೆಯ ತಪಾಸಣೆ ಬೇಕು. ಇಪ್ಪತ್ತರ ಸುತ್ತಿನ ಹುಡುಗನಿಗೆ ಒಂದೇ ಹೊಳ್ಳೆ ಸದಾ ಕಟ್ಟಿಕೊಂಡಿದ್ದು ಅದೇ ಕಡೆ ರಭಸದಿಂದ ರಕ್ತ ಬರುತ್ತಿದ್ದರೆ ಮೂಗಿನ ಹಿಂಭಾಗದಲ್ಲಿ ಬೆಳೆಯುವ ಆಂಜಿಯೋಫೈಬ್ರೋಮಾ ಎಂಬ ಗಡ್ಡೆಯನ್ನು ನೆನೆಯಬೇಕು. ಅದು ಹರೆಯದ ಗಂಡುಮಕ್ಕಳ ಕಾಯಿಲೆ. ಕೆರೆ ಹೊಂಡಗಳಲ್ಲಿ ಈಜಿ ಬೆಳೆದವರಲ್ಲಿ, ಮುಟ್ಟಿದರೆ ಸೋರುವ, ಸ್ಟ್ರಾಬೆರಿಯಂತೆ ಕಾಣುವ ಗಂಟು ರೈನೋಸ್ಪೊರಿಡಿಯೋಸಿಸ್ ಇರಬಹುದು. ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ಅದು ಹೆಚ್ಚು. ಮಳೆಗಾಲದ ಚಾರಣದಲ್ಲಿ ತೊರೆಗೆ ಬಾಯಿಟ್ಟು ನೀರು ಕುಡಿದವರ ಮೂಗಿನಲ್ಲಿ ಜಿಗಣೆ ಸೇರಿಕೊಂಡು ವಾರಗಟ್ಟಲೆ ರಕ್ತ ಸೋರಿಸುವುದೂ ಉಂಟು, ಹಾಗಾಗಿ ಸಹ್ಯಾದ್ರಿ ಸುತ್ತುವ ಯುವಕರಿಗೆ ಈ ಪ್ರಶ್ನೆಯನ್ನೂ ಕೇಳಿ.

ಜ್ವರ ಜೊತೆಗಿದ್ದರೆ ಲೆಕ್ಕವೇ ಬೇರೆ. ಮಳೆಗಾಲದ ಪುಣೆ ಮುಂಬೈಗಳಲ್ಲಿ ಜ್ವರದೊಂದಿಗೆ ಮೂಗಿನಿಂದ ರಕ್ತ ಬಂದರೆ ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಡೆಂಗಿ ಎಂದೇ ತಿಳಿದು ಅದೇ ದಿನ ಪ್ಲೇಟ್ಲೆಟ್ ಎಣಿಸಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಬೇಸಗೆಯ ರಜೆಗೆ ಶಿವಮೊಗ್ಗದ ಕಾಡಂಚಿನ ಊರಿಗೆ ಹೋಗಿ ಬಂದವರಾದರೆ ಮಂಗನ ಕಾಯಿಲೆಯನ್ನೂ ವೈದ್ಯರ ಗಮನಕ್ಕೆ ತನ್ನಿ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಆ ಜ್ವರ ಈಗ ಗೋವಾ ಮತ್ತು ಸಿಂಧುದುರ್ಗದವರೆಗೂ ಹಬ್ಬಿದೆ.

ರಕ್ತದೊತ್ತಡದ ಬಗ್ಗೆ ಒಂದು ಮಾತು. ಮೂಗು ಸೋರುವಾಗ ಹೆದರಿಕೆಯಿಂದ ಒತ್ತಡ ಏರಿರುತ್ತದೆ. ಆ ಒಂದೇ ಅಳತೆಯ ಮೇಲೆ ಇಪ್ಪತ್ತೈದರ ಯುವಕನಿಗೆ ಬಿಪಿ ಮಾತ್ರೆ ಶುರುಮಾಡಬಾರದು. ರಕ್ತ ನಿಂತು ಮನಸ್ಸು ಶಾಂತವಾದ ಮೇಲೆ ಬೇರೆ ದಿನಗಳಲ್ಲಿ ಮತ್ತೆ ಅಳೆಯಬೇಕು.

ಐದನೆಯ ಹೆಜ್ಜೆ: ಇಎನ್‌ಟಿ ತಜ್ಞರ ಬಳಿ

ನಾಲ್ಕು ವಾರ ಶ್ರದ್ಧೆಯಿಂದ ಜೆಲ್ಲಿ ಹಚ್ಚಿದರೂ ರಕ್ತ ಬರುತ್ತಿದ್ದರೆ, ಅಥವಾ ಮೇಲಿನ ಯಾವುದಾದರೂ ಸುಳಿವಿದ್ದರೆ, ತಜ್ಞರನ್ನು ಕಾಣಬೇಕು. ಅವರು ದುರ್ಬೀನಿನಿಂದ (ಎಂಡೋಸ್ಕೋಪ್) ಮೂಗಿನ ಹಿಂಭಾಗದವರೆಗೂ ನೋಡುತ್ತಾರೆ. ಸೋರುವ ನಾಳ ಕಂಡರೆ ಮರಗಟ್ಟಿಸುವ ಔಷಧಿ ಹಾಕಿ, ಸಿಲ್ವರ್ ನೈಟ್ರೇಟ್ ಕಡ್ಡಿಯಿಂದ ಕೆಲವು ಕ್ಷಣ ಮುಟ್ಟಿಸಿ ಸುಡುತ್ತಾರೆ. ಚುರುಕೆನ್ನುತ್ತದೆ, ಸೀನು ಬರುತ್ತದೆ, ಅದೇ ದಿನ ಮನೆಗೆ ಹೋಗಬಹುದು. ಎರಡೂ ಬದಿಯ ಒಂದೇ ಜಾಗವನ್ನು ಒಂದೇ ದಿನ ಸುಡುವಂತಿಲ್ಲ. ನಡುಗೋಡೆಯ ಮೃದ್ವಸ್ಥಿಗೆ ರಕ್ತ ಒದಗಿಸುವುದು ಇಕ್ಕೆಲಗಳ ಪೊರೆಯೇ ಆದ್ದರಿಂದ ಎರಡನ್ನೂ ಒಟ್ಟಿಗೆ ಸುಟ್ಟರೆ ನಡುವೆ ತೂತು ಬೀಳುವ ಅಪಾಯವಿದೆ. ನಾಲ್ಕರಿಂದ ಆರು ವಾರಗಳ ಅಂತರ ಕೊಡುತ್ತಾರೆ. ಇದನ್ನು ತಿಳಿದುಕೊಂಡು ಹೋದರೆ ರೋಗಿ ಅವಸರ ಮಾಡುವುದಿಲ್ಲ. ನಡುಗೋಡೆ ಸ್ವಲ್ಪ ಸೊಟ್ಟಗಿದೆ ಎಂಬ ಒಂದೇ ಕಾರಣಕ್ಕೆ ಶಸ್ತ್ರಚಿಕಿತ್ಸೆ ಸೂಚಿಸಿದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳುವುದರಲ್ಲಿ ಸಂಕೋಚ ಬೇಡ.

ಹೋಗುವಾಗ ಒಂದು ಚೀಟಿಯಲ್ಲಿ ರಕ್ತ ಬಂದ ತಾರೀಖು, ಯಾವ ಹೊಳ್ಳೆ, ಎಷ್ಟು ನಿಮಿಷ, ಆಗ ಏನು ಮಾಡುತ್ತಿದ್ದಿರಿ ಎಂಬುದನ್ನು ಬರೆದುಕೊಂಡು ಹೋಗಿ. ಕುಂದಾಪುರದ ಹುಡುಗ ಇದನ್ನು ಹೋಟೆಲಿನ ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದು ತಂದಿದ್ದ: ಮೊದಲ ವಾರ ಎರಡು ಗೀಟು, ಎರಡನೆಯ ವಾರ ಒಂದು, ಆಮೇಲೆ ಖಾಲಿ. ಐದನೆಯ ವಾರ ಬೆಳಕು ಬಿಟ್ಟು ನೋಡಿದಾಗ ಹಕ್ಕಳೆ ಇದ್ದ ಕಡೆ ತೆಳುಗುಲಾಬಿ ಪೊರೆ ಹರಡಿತ್ತು, ಆ ಕೆಂಪು ಎಳೆ ಮಾತ್ರ ಮಸುಕಾಗಿ ಉಳಿದಿತ್ತು. ಇನ್ನು ನಿಲ್ಲಿಸಬಹುದಾ ಡಾಕ್ಟ್ರೇ ಎಂದು ಕೇಳಿದ. ಏಪ್ರಿಲ್ ಇನ್ನೂ ಮುಗಿದಿರಲಿಲ್ಲ; ಮಳೆ ಬೀಳುವವರೆಗೆ ರಾತ್ರಿ ಒಂದು ಹೊತ್ತಾದರೂ ಹಚ್ಚು, ಕಾವಲಿ ಮುಂದೆ ನಿಲ್ಲುವ ಮುಂಚೆ ಲವಣಜಲ ಬಿಡು ಎಂದು ಹೇಳಿ ಕಳಿಸಿದೆ.